ಬೆಳಗಿನ ಜಾವ ಆರ್‌ವಿ ಹೀಟರ್ ತಣ್ಣಗಾಗೋದು ಗ್ಯಾಸಿನಿಂದಲ್ಲ

ಡಿಸೆಂಬರ್ ರಜೆಯಲ್ಲಿ ಅಮೆರಿಕದ ಅರಿಜೋನಾದ ಕ್ವಾರ್ಟ್‌ಸೈಟ್ ಬಳಿ ಮರುಭೂಮಿಯಲ್ಲಿ ಆರ್‌ವಿ (ಮಲಗೋಕೆ, ಅಡುಗೆಗೆ ಜಾಗ ಇರೋ ಮನೆಯಂಥ ವಾಹನ) ನಿಲ್ಲಿಸಿದ್ದೀರಿ, ಸಿಲಿಂಡರ್ ತುಂಬಿದೆ, ಫ್ಯಾನ್ ತಿರುಗುತ್ತೆ, ಆದರೆ ನಾಲ್ಕು ಗಂಟೆಗೆ ತಣ್ಣನೆ ಗಾಳಿ ಬರುತ್ತೆ ಅಂದಿರಿ. ಮೊದಲ ಅನುಮಾನ ಬ್ಯಾಟರಿ ಮೇಲೆ. ಫರ್ನೇಸ್ (ಗ್ಯಾಸ್ ಹೀಟರ್) ಒಳಗೆ ಗಾಳಿಯ ರಭಸಕ್ಕೆ ಒತ್ತಿಕೊಳ್ಳೋ ಸಣ್ಣ ತಗಡಿನ ಸ್ವಿಚ್ ಇದೆ, ಸೇಲ್ ಸ್ವಿಚ್ ಅಂತ. ವೋಲ್ಟೇಜ್ ಕುಸಿದರೆ ಫ್ಯಾನಿನ ವೇಗ ತಗ್ಗಿ ಗಾಳಿ ಆ ಸ್ವಿಚ್ ಒತ್ತೋದೇ ಇಲ್ಲ, ಗ್ಯಾಸ್ ವಾಲ್ವ್ ತೆರೆಯಲ್ಲ. ಆ ಹೊತ್ತಲ್ಲೇ ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿದು ನೋಡಿ.

ಲೆಕ್ಕ ಹಾಕಿ: ಫ್ಯಾನ್ ಸುಮಾರು 7–8 ಆಂಪ್ ಎಳೆಯುತ್ತೆ. ಹನ್ನೆರಡು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 45 ಆಂಪ್-ಅವರ್ (ಆಂಪ್ ಗುಣಿಸು ಗಂಟೆ) ಖರ್ಚು. ನಿಮ್ಮದು 100 ಆಂಪ್-ಅವರ್ ಲೆಡ್-ಆಸಿಡ್ ಬ್ಯಾಟರಿ ಆಗಿದ್ದರೆ, ಆ ಬ್ಯಾಟರಿಯಲ್ಲಿ ಧಾರಾಳವಾಗಿ ಬಳಸಬಹುದಾದದ್ದೇ 50. ಲೈಟು, ಪಂಪು, ಮಕ್ಕಳ ಟ್ಯಾಬ್ಲೆಟ್ ಸೇರಿದರೆ ಮುಗೀತು.

6 ವೋಲ್ಟಿನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿಸಿ) ಹಾಕಿದರೆ ಒಟ್ಟು 200 ಆಂಪ್-ಅವರ್ ಮೇಲೆ ಸಿಗುತ್ತೆ, ಬಳಸೋದು ಅದರಲ್ಲೂ ಅರ್ಧ. ಲಿಥಿಯಂ ಇನ್ನೂ ಒಳ್ಳೇದು, ಆದರೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹೊರಗಿನ ಡಬ್ಬದಲ್ಲಿ ಇಡಬೇಡಿ. ಚಾವಣಿಗೆ ಅಂಟಿದ ಸೋಲಾರ್ ನೆಚ್ಚಿಕೊಳ್ಳಬೇಡಿ: ಅಲ್ಲಿ ಡಿಸೆಂಬರ್ ಮಧ್ಯಾಹ್ನಕ್ಕೂ ಸೂರ್ಯ ಏರೋದು ಸುಮಾರು 33 ಡಿಗ್ರಿ. ಪ್ಯಾನೆಲ್ಲನ್ನು ದಕ್ಷಿಣಕ್ಕೆ 55 ಡಿಗ್ರಿಯಷ್ಟು ಎತ್ತಿ ನಿಲ್ಲಿಸಿ.

ಇವತ್ತಿನ ಮಟ್ಟಿಗೆ ಥರ್ಮೋಸ್ಟಾಟ್ 55 ಫ್ಯಾರನ್‌ಹೀಟ್‌ಗೆ (ಸುಮಾರು 13 ಸೆಲ್ಸಿಯಸ್) ಇಳಿಸಿ, ದಪ್ಪ ರಜಾಯಿ ಹೊದಿಸಿ. ಚಳಿ ಅಂತ ಅಡುಗೆ ಒಲೆ ಹಚ್ಚಿಟ್ಟು ಮಲಗಬೇಡಿ. ಅದರಿಂದ ಬರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.