ಭಾವನವರಿಗೆ ಎದುರಾಡುವುದು ಯಾವಾಗ?

ಪ್ರಶ್ನೆ: ನಮ್ಮ ಭಾವನವರು ಊರಿನ ಹಾಲಿನ ಸೊಸೈಟಿ ಅಧ್ಯಕ್ಷರು, ವಯಸ್ಸು 54. ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ. ಹತ್ತು ದಿನದಿಂದ ರಾತ್ರಿ ಎರಡು ಮೂರು ಗಂಟೆಯಷ್ಟೇ ನಿದ್ದೆ. ‘ಅಮ್ಮನವರು ನನ್ನೊಳಗೇ ನೆಲೆಸಿದ್ದಾಳೆ, ತಾಲ್ಲೂಕು ಉದ್ಧಾರ ಮಾಡೋಕೆ ಹುಟ್ಟಿದವನು ನಾನು’ ಅನ್ನುತ್ತಾರೆ. ಕಲ್ಯಾಣಮಂಟಪ ಕಟ್ಟಿಸಲು ಜಮೀನಿಗೆ ಅಡ್ವಾನ್ಸ್ ಕೂಡ ಕೊಟ್ಟಾಗಿದೆ. ಇದು ಸರಿಯಲ್ಲ ಎಂದು ಯಾರು, ಯಾವಾಗ ಹೇಳಬೇಕು?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಮೊದಲಿನಿಂದಲೂ ಜಂಬ ಕೊಚ್ಚುವವರಾಗಿದ್ದರೆ ಅದು ಸ್ವಭಾವ. ಸಭೆಯಲ್ಲಿ ಲೆಕ್ಕ ಕೇಳಿ, ನಡಾವಳಿಯಲ್ಲಿ ಬರೆಸಿದರೆ ಸಾಕು. ಜಾತ್ರೆಯಲ್ಲಿ ಮೈಮೇಲೆ ದೇವರು ಬಂದವರೂ ಸ್ವಲ್ಪ ಹೊತ್ತಿಗೆ ಮೊದಲಿನಂತಾಗುತ್ತಾರೆ. ನೀವು ಬರೆದದ್ದು ಬೇರೆ. ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಎಂಬ ಸ್ಥಿತಿ ವಾರ ದಾಟಿದರೆ ಮೇನಿಯಾ (ಮನಸ್ಸಿನ ಹುರುಪು ಮಿತಿಮೀರುವ ಕಾಯಿಲೆ) ಇರಬಹುದು. 50 ಕಳೆದ ಮೇಲೆ ಮೊದಲ ಸಲ ಬಂದಿದ್ದರೆ ಥೈರಾಯ್ಡ್, ಮೆದುಳು ಎರಡನ್ನೂ ಪರೀಕ್ಷಿಸಬೇಕು. ಉಬ್ಬಸಕ್ಕೋ ಕೀಲುನೋವಿಗೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಯಿಂದಲೂ ಹೀಗಾಗುತ್ತದೆ. ಹಳೆಯ ಚೀಟಿಗಳನ್ನೆಲ್ಲ ಡಾಕ್ಟರಿಗೆ ತೋರಿಸಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಈಗ ಅವರ ನಂಬಿಕೆಯನ್ನು ಕೆಣಕಬೇಡಿ. ‘ನಿಮಗೆ ಭ್ರಮೆ’ ಎಂದವರು ಆ ಕ್ಷಣವೇ ವೈರಿಯಾಗುತ್ತಾರೆ, ಆಮೇಲೆ ಆಸ್ಪತ್ರೆಗೆ ಕರೆದರೂ ಬರುವುದಿಲ್ಲ. ಹಾಗೆಂದು ಕಾಲಿಗೆ ಬೀಳುವುದೂ ಬೇಡ. ದೊಡ್ಡವರ ಕಾಯಿಲೆ ಬೆಳೆಸುವವರು ಸುತ್ತಲಿನ ಹೊಗಳುಭಟರೇ. ಭಾವನವರು ಯಾವತ್ತೂ ಮಾತು ಮೀರದ ಒಬ್ಬರು, ಅವರ ಅಕ್ಕನೋ ಸೋದರಮಾವನೋ, ಜನರಿಲ್ಲದ ಹೊತ್ತಲ್ಲಿ ಕೂತು ನಿದ್ದೆಯ ವಿಷಯವನ್ನಷ್ಟೇ ಎತ್ತಲಿ: ‘ಹತ್ತು ದಿನ ಆಯ್ತಲ್ಲಪ್ಪ ಸರಿಯಾಗಿ ಮಲಗಿ, ಡಾಕ್ಟರ ಹತ್ರ ಹೋಗಿ ಬರೋಣ.’

ದುಡ್ಡಿನ ವಿಷಯಕ್ಕೆ ಮಾತ್ರ ಇವತ್ತೇ ಅಡ್ಡ ಬನ್ನಿ. ಆಡಳಿತ ಮಂಡಳಿಯ ನಿರ್ಣಯವಿಲ್ಲದೆ ಯಾವ ಚೆಕ್ಕಿಗೂ ಸಹಿ ಹಾಕಬೇಡಿ ಎಂದು ಕಾರ್ಯದರ್ಶಿಗೆ ಹೇಳಿ. ಜಮೀನಿನ ಪತ್ರ, ಕಾರಿನ ಕೀ ನಿಮ್ಮ ಅಕ್ಕನ ಹತ್ತಿರವಿರಲಿ. ಹೊಡೆಯಲು ಬಂದರೆ, ಊಟ ಬಿಟ್ಟರೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅವರು ಒಪ್ಪದಿದ್ದರೂ, ಅಪಾಯವಿದ್ದಲ್ಲಿ, ನಾಮನಿರ್ದೇಶಿತ ಪ್ರತಿನಿಧಿಯ (ಅವರೇ ಬರೆದು ನೇಮಿಸಿದವರು, ಇಲ್ಲದಿದ್ದರೆ ಸಾಮಾನ್ಯವಾಗಿ ಹತ್ತಿರದ ಸಂಬಂಧಿ) ಅರ್ಜಿಯ ಮೇಲೆ ಮನೋವೈದ್ಯರೂ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ 30 ದಿನದವರೆಗೆ ದಾಖಲಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಕಲಂನಲ್ಲಿ ಅವಕಾಶವಿದೆ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.

‘ಆಗ ಹೀಗೆಲ್ಲ ಅಂದಿರಿ’ ಎಂದು ಕೇಳಲು ನಿದ್ದೆ ಆರೇಳು ಗಂಟೆಗೆ ಮರಳಿ ಕೆಲವು ವಾರವಾದರೂ ಕಳೆಯಬೇಕು. ಆ ಹೊತ್ತಿಗೆ ನಾಚಿಕೆಯಿಂದ ಕುಗ್ಗಿರಬಹುದು. ಸಾಯುವ ಮಾತು ಬಂದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ. ಇನ್ನೊಮ್ಮೆ ನಿದ್ದೆ ನಾಲ್ಕು ಗಂಟೆಗೆ ಇಳಿದರೆ ಚೆಕ್‌ಬುಕ್ ಯಾರ ಕೈಗೆ ಹೋಗಬೇಕು ಎಂಬುದನ್ನು ಅವರಿಂದಲೇ ಬರೆಸಿ, ಸಹಿ ಹಾಕಿಸಿಟ್ಟುಕೊಳ್ಳಿ.