15 ವರ್ಷ ಹಳೆಯ ಹಾಯಿಗಳನ್ನು ರಿಪೇರಿ ಮಾಡಿಸಿದರೆ ಸಾಕೇ, ಹೊಸದನ್ನೇ ಹಾಕಿಸಬೇಕೇ? ಖರ್ಚು ಎಷ್ಟಾಗಬಹುದು?

ಅಮೆರಿಕದ ಅನ್ನಾಪೊಲಿಸ್‌ನಲ್ಲಿ 30 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಳ್ಳಲಿದ್ದೀರಿ, ಅದರ ಹಾಯಿಗಳಿಗೆ 15 ವರ್ಷವಾಗಿದೆ ಎಂದು ಬರೆದಿದ್ದೀರಿ. ನಾನೂ ಚೆಸಪೀಕ್ ಕೊಲ್ಲಿಯಲ್ಲಿ ಅಷ್ಟೇ ಉದ್ದದ ದೋಣಿ ಇಟ್ಟುಕೊಂಡಿದ್ದೇನೆ. ಹಾಯಿಯ ವಯಸ್ಸಿಗಿಂತ, ಸೋತಿರುವುದು ದಾರವೋ ಬಟ್ಟೆಯೋ ಎಂಬುದನ್ನು ನೋಡಿ ತೀರ್ಮಾನಿಸುವುದು ಒಳ್ಳೆಯದು.

ಇಂಥ ದೋಣಿಗಳ ಹಾಯಿ ಸಾಮಾನ್ಯವಾಗಿ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯದು. ಹೊಲಿಗೆಯ ದಾರ ಬಟ್ಟೆಯ ಮೇಲೆ ಉಬ್ಬಿಕೊಂಡಿರುವುದರಿಂದ ಬಿಸಿಲೂ ಉಜ್ಜಾಟವೂ ನೇರವಾಗಿ ಅದಕ್ಕೇ ತಾಗುತ್ತವೆ. ಹಾಗಾಗಿ ಬಟ್ಟೆಗಿಂತ ಮೊದಲು ಕೆಡುವುದು ದಾರ. ಹಾಯಿಯನ್ನು ನೆಲಕ್ಕೆ ಹರಡಿ, ಹಿಂಬದಿಯ ಅಂಚಿನ ಅಂಕುಡೊಂಕು ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿ. ದಾರ ಪುಡಿಯಾಗಿ ಉದುರಿದರೂ ಬಟ್ಟೆ ಗರಿಗರಿಯಾಗಿದ್ದರೆ ಮರುಹೊಲಿಗೆ ಸಾಕು. ಇದಕ್ಕೆ ಕೆಲವು ನೂರು ಡಾಲರ್ ಹಿಡಿಯುತ್ತದೆ. ಬಟ್ಟೆಯೇ ಹಳೆಯ ಪಂಚೆಯಂತೆ ಜೋಲುತ್ತಿದ್ದರೆ ಮಾತ್ರ ಒಂದು ಡಾಲರನ್ನೂ ಅದರ ಮೇಲೆ ಸುರಿಯಬೇಡಿ, ಏಕೆಂದರೆ ಹೊಸ ಸೂಜಿಯ ತೂತುಗಳ ಸಾಲಿನಲ್ಲೇ ಅದು ಹರಿಯುತ್ತದೆ. ಅಲ್ಲದೆ, ಹಿಗ್ಗಿದ ಬಟ್ಟೆಯಲ್ಲಿ ಹಾಯಿಯ ಹೊಟ್ಟೆ, ಅಂದರೆ ಗಾಳಿ ತುಂಬಿ ಉಬ್ಬುವ ಭಾಗ, ಹಿಂದಕ್ಕೆ ಸರಿದಿರುತ್ತದೆ. ಗಾಳಿ ಜೋರಾದಾಗ ದೋಣಿ ಮುಂದೆ ಸಾಗುವ ಬದಲು ಪಕ್ಕಕ್ಕೆ ವಾಲುವುದೇ ಹೆಚ್ಚು. ಇದನ್ನು ಯಾವ ಹೊಲಿಗೆಯೂ ಸರಿಪಡಿಸಲಾರದು.

ಹೊಸ ಹಾಯಿಯ ಬೆಲೆಯನ್ನು ನೀವೇ ಅಂದಾಜು ಮಾಡಬಹುದು. ಮುಖ್ಯ ಹಾಯಿ ಹೆಚ್ಚುಕಡಿಮೆ ತ್ರಿಕೋನವಾಗಿರುವುದರಿಂದ, ಅದು ಹಾಯಿಕಂಬದ ಮೇಲೆ 35 ಅಡಿ, ಬೂಮ್‌ನ (ಹಾಯಿಯ ಕೆಳ ಅಂಚನ್ನು ಹಿಡಿದಿಡುವ ಅಡ್ಡಕಂಬದ) ಮೇಲೆ 11 ಅಡಿ ಇದ್ದರೆ ಸುಮಾರು 190 ಚದರಡಿಯಾಗುತ್ತದೆ. ಸಾಧಾರಣ ಡೇಕ್ರಾನ್‌ಗೆ ಚದರಡಿಗೆ 8ರಿಂದ 12 ಡಾಲರ್ ಹಿಡಿದರೆ 1,500ರಿಂದ 2,300 ಡಾಲರ್. ಜೋರುಗಾಳಿಗೆ ಹಾಯಿಯನ್ನು ಮಡಚಿ ಕಿರಿದುಗೊಳಿಸಲು ಕಟ್ಟುವ ಎರಡನೆಯ ಸಾಲು, ಹಾಯಿಯ ಆಕಾರ ಹಿಡಿದಿಡುವ ಪೂರ್ತಿ ಉದ್ದದ ಅಡ್ಡಪಟ್ಟಿಗಳು ಬೇಕೆಂದರೆ ಬೆಲೆ ಇನ್ನೂ ಏರುತ್ತದೆ. ಕಂಬದ ಮುಂದಿರುವ ಜೆನೋವಾ ಎಂಬ ಹಾಯಿ ಇನ್ನಷ್ಟು ದೊಡ್ಡದು. ಎರಡಕ್ಕೂ ಸೇರಿ 4,000ದಿಂದ 6,000 ಡಾಲರ್ ತೆಗೆದಿಡುವುದು ಕ್ಷೇಮ.

ಸುತ್ತಿಡುವ ಜೆನೋವಾ ಆಗಿದ್ದರೆ ಸುತ್ತಿಟ್ಟಾಗ ಬಿಸಿಲು ತಡೆಯಲೆಂದು ಅದರ ಅಂಚಿಗೆ ಹೊಲಿದ ಬಿಸಿಲುಪಟ್ಟಿಯನ್ನು ಮರೆಯದೆ ನೋಡಿ. ಪಟ್ಟಿ ಹರಿದು ಒಳಗಿನ ಬಟ್ಟೆ ಚೆನ್ನಾಗಿದ್ದರೆ ಪಟ್ಟಿಯನ್ನಷ್ಟೇ ಬದಲಿಸಬಹುದು. ಇಲ್ಲಿ ಪಿಟಿಎಫ್‌ಇ (ಟೆಫ್ಲಾನ್ ಜಾತಿಯ) ದಾರವನ್ನೇ ಕೇಳಿ: ದುಬಾರಿಯಾದರೂ ಬಿಸಿಲಿಗೆ ಜಗ್ಗುವುದಿಲ್ಲ, ಬಿಲ್ಲಿನಲ್ಲಿ ದೊಡ್ಡ ಪಾಲು ಹೇಗೂ ಕೂಲಿಯದ್ದೇ.

ಅನ್ನಾಪೊಲಿಸ್‌ನಲ್ಲೇ ಬೇಕನ್ ಸೇಲ್ಸ್ ಎಂಬಲ್ಲಿ ಬಳಸಿದ ಹಾಯಿಗಳು ಸಿಗುತ್ತವೆ, ಅದನ್ನೂ ಒಮ್ಮೆ ವಿಚಾರಿಸಿ. ಹೊಸದನ್ನೇ ಮಾಡಿಸುವುದಾದರೆ ವಸಂತದ ನೂಕುನುಗ್ಗಲಿಗೆ ಕಾಯದೆ ಚಳಿಗಾಲಕ್ಕೆ ಮುಂಚೆಯೇ ಆರ್ಡರ್ ಕೊಡಿ. ಆಗ ಹಲವರು ರಿಯಾಯಿತಿ ಕೊಡುತ್ತಾರೆ. ಅಳತೆಯನ್ನು ಕಂಬದಿಂದಲೂ ಬೂಮ್‌ನಿಂದಲೂ ತೆಗೆದುಕೊಡಿ, ಹಿಗ್ಗಿಹೋದ ಹಳೆಯ ಹಾಯಿಯಿಂದ ಬೇಡ.