ಹಳೆಯ ಆಸ್ಪತ್ರೆ ಕಟ್ಟಡವನ್ನು ಕೆಡವದೆ ಗ್ರಂಥಾಲಯವನ್ನೋ ವಸ್ತುಸಂಗ್ರಹಾಲಯವನ್ನೋ ಮಾಡಲು ಸಾಧ್ಯವೇ?

ಖಂಡಿತ ಸಾಧ್ಯ. ಹಳೆಯ ಕಟ್ಟಡಗಳಲ್ಲಿ ಇದಕ್ಕೆ ಆಸ್ಪತ್ರೆಗಳಷ್ಟು ಒಗ್ಗುವವು ಕಡಿಮೆ. ಕೆಟ್ಟ ಗಾಳಿಯಿಂದಲೇ ರೋಗ ಹರಡುತ್ತದೆ ಎಂದು ನಂಬಿದ್ದ ಕಾಲದಲ್ಲಿ ವಾರ್ಡುಗಳಿಗೆ ಎತ್ತರದ ಚಾವಣಿ, ಎರಡೂ ಬದಿಗೆ ದೊಡ್ಡ ಕಿಟಕಿ ಇಡುತ್ತಿದ್ದರು. ನಂಬಿಕೆ ಸುಳ್ಳಾಯಿತು, ಬೆಳಕು ಉಳಿಯಿತು.

ಮ್ಯಾಡ್ರಿಡ್‌ನಲ್ಲಿ 1965ರಲ್ಲಿ ಮುಚ್ಚಿದ್ದ ಹದಿನೆಂಟನೆಯ ಶತಮಾನದ ಆಸ್ಪತ್ರೆಯೊಂದು 1986ರಲ್ಲಿ ರೇನಾ ಸೋಫಿಯಾ ಕಲಾಕೇಂದ್ರವಾಗಿ ತೆರೆಯಿತು. ಪಿಕಾಸೋನ ಪ್ರಸಿದ್ಧ ಚಿತ್ರ 'ಗೆರ್ನಿಕಾ' ಈಗ ಇರುವುದು ಅಲ್ಲಿಯೇ. ಲಿಫ್ಟುಗಳನ್ನು ಹೊರಗೋಡೆಗೆ ಹೊಂದಿಸಿದ ಗಾಜಿನ ಗೋಪುರಗಳಲ್ಲಿ ಇಟ್ಟಿದ್ದಾರೆ. ನನ್ನ ದೃಷ್ಟಿಯಲ್ಲಿ ಜಾಣತನವೆಂದರೆ ಇದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ವಿಜಯಪುರದ ಗೋಳಗುಮ್ಮಟದ ಎದುರಿನ ನಗಾರಿಖಾನೆ (ನಗಾರಿ ಬಾರಿಸುತ್ತಿದ್ದ ಕಟ್ಟಡ) 1892ರಿಂದ ವಸ್ತುಸಂಗ್ರಹಾಲಯವಾಗಿದೆ. ಅದು ಆಸ್ಪತ್ರೆಯಲ್ಲ ನಿಜ, ಆದರೆ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದು ನಮ್ಮ ಉತ್ತರ ಕರ್ನಾಟಕಕ್ಕೆ ಹೊಸದಲ್ಲ.

ತೊಡಕಿರುವುದು ಭಾರದಲ್ಲಿ. ಭಾರತೀಯ ಮಾನಕದ ಪ್ರಕಾರ ವಾರ್ಡಿನ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತಿದ್ದರೆ ಸಾಕು; ಪುಸ್ತಕದ ಕಪಾಟುಗಳಿಗೆ ಕನಿಷ್ಠ 600 ಕಿಲೋ ಬೇಕು. ಮರದ ತೊಲೆಯ ಮಾಳಿಗೆಯಾದರೆ ಕಪಾಟುಗಳನ್ನು ಕೆಳ ಅಂತಸ್ತಿನಲ್ಲಿಟ್ಟು, ಮೇಲೆ ಓದುವ ಕೋಣೆ ಮಾಡುವುದು ಒಳ್ಳೆಯದು. ಅದಕ್ಕೂ ಮೊದಲು ಎಂಜಿನಿಯರ್ ತೊಲೆಗಳನ್ನು ಪರೀಕ್ಷಿಸಬೇಕು.

ಇನ್ನು ದುರಸ್ತಿ. ಗುತ್ತಿಗೆದಾರರು ಮೊದಲು ತರುವುದೇ ಸಿಮೆಂಟು! ಸುಣ್ಣದ ಗಾರೆಯ ಗೋಡೆಗೆ ಅದನ್ನು ಬಳಿದರೆ ತೇವ ಹೊರಹೋಗಲು ದಾರಿಯಿರುವುದಿಲ್ಲ. ಬೆಳಗಾವಿಯಂಥ ಊರಿನ ಮಳೆಗೆ ಅಂಥ ಗಿಲಾವು ಬೇಗ ಉಬ್ಬಿ ಕಳಚುತ್ತದೆ. ಸುಣ್ಣಕ್ಕೆ ಸುಣ್ಣವನ್ನೇ ಬಳಸಿ, ಗಾರೆ ಕೆಲಸ ಬಲ್ಲ ಗೌಂಡಿಗಳನ್ನು ಹುಡುಕಿ.